ಕಾಣದ ಬೆರಳು

ತುಮಕೂರಿನಿಂದ ಸುಮಾರು 15 ಕಿಲೋಮೀಟರು ದೂರದಲ್ಲಿ, ಕುರುಚಲು ಕಾಡಿನ ನಡುವೆ ದೇವರಾಯನದುರ್ಗವೆಂಬ ಬೆಟ್ಟವಿದೆ. ಸಮುದ್ರಮಟ್ಟಕ್ಕಿಂತ ಸುಮಾರು 3,900 ಅಡಿ ಎತ್ತರದ ಈ ಬೆಟ್ಟಕ್ಕೆ, ಹದಿನೇಳನೆಯ ಶತಮಾನದ ಕೊನೆಯಲ್ಲಿ ಇದನ್ನು ಗೆದ್ದುಕೊಂಡ ಮೈಸೂರಿನ ಅರಸ ಚಿಕ್ಕದೇವರಾಜ ಒಡೆಯರ ನೆನಪಿನಿಂದ ಈ ಹೆಸರು ಬಂದಿತು. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ; ದಾರಿಯಲ್ಲಿ ಬಂಡೆಯ ಒಡಲಿನಿಂದ ಒಸರುವ ನಾಮದ ಚಿಲುಮೆ. ಈ ಬೆಟ್ಟದ ತಪ್ಪಲಿನ ಊರೊಂದರ ಪ್ರೌಢಶಾಲೆಯಲ್ಲಿ ನಾನು ಬಹುಕಾಲ ಕನ್ನಡದ ಅಧ್ಯಾಪಕನಾಗಿದ್ದೆ. ನಿವೃತ್ತನಾದ ಮೇಲೂ ವರ್ಷಕ್ಕೊಮ್ಮೆಯಾದರೂ ಬೆಟ್ಟವನ್ನು ಹತ್ತಿ ಬರುತ್ತೇನೆ.

ಮೇಲಿನ ಬಂಡೆಯ ಮೇಲೆ ಕುಳಿತಾಗಲೆಲ್ಲ ನನಗೆ ಒಂದು ಸಂಗತಿ ಸೋಜಿಗವನ್ನುಂಟುಮಾಡುತ್ತದೆ. ಈ ಗುಡ್ಡಗಳಲ್ಲಿ ಎರಡು ನದಿಗಳು ಹುಟ್ಟುತ್ತವೆ. ಜಯಮಂಗಲಿಯು ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಕೂಡಿಕೊಳ್ಳುತ್ತದೆ. ಶಿಂಷೆಯು ದಕ್ಷಿಣಕ್ಕೆ ಇಳಿದು ಕಾವೇರಿಯನ್ನು ಸೇರುತ್ತದೆ. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳು, ಬಿದ್ದ ಇಳಿಜಾರಿಗೆ ತಕ್ಕಂತೆ ಬೇರೆ ಬೇರೆ ನಾಡುಗಳ ಪಾಲಾಗುತ್ತವೆ. ಹನಿಗೆ ತಾನು ಎಲ್ಲಿಗೆ ಹೋಗಬೇಕೆಂಬುದು ತಿಳಿಯದು. ಯಾವ ಕಡೆ ಇಳಿಜಾರೋ ಆ ಕಡೆ ಅದರ ಪಯಣ. ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನನ್ನ ಶಾಲೆಯ ಕಚೇರಿಯ ಮೇಜಿನ ಮೇಲಿದ್ದ ಒಂದು ಕಂಪ್ಯೂಟರು ನನಗೆ ಕಲಿಸಿತು. ಆ ಪಾಠಕ್ಕೆ ಒಬ್ಬ ಹುಡುಗಿ ತನ್ನ ಓದನ್ನೇ ಬೆಲೆಯಾಗಿ ತೆರುವುದರಲ್ಲಿದ್ದಳು. ಅದನ್ನು ನಿಮಗೆ ಹೇಳಬೇಕೆಂದು ಈ ಬರಹ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ಕಾಲದಲ್ಲಿ ತುಮಕೂರಿನಲ್ಲಿ ಬೆರಳಚ್ಚು ಕಲಿಸುವ ಶಾಲೆಗಳು ಬೀದಿಗೊಂದರಂತೆ ಇದ್ದವು. ನಾನೂ ಒಂದು ವರ್ಷ ಕನ್ನಡ ಬೆರಳಚ್ಚನ್ನು ಕಲಿತೆ. ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆಯಿಂದಾಗಿ ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲವೂ ಆ ಚಿಕ್ಕ ಯಂತ್ರದೊಳಗೆ ಅಡಗಿ ಕುಳಿತಿದ್ದವು. ಕೀಲಿಯನ್ನು ಒತ್ತಿದೊಡನೆ ಒಂದು ಉಕ್ಕಿನ ತೋಳು ಮೇಲೆದ್ದು, ಮಸಿಯ ಪಟ್ಟಿಯನ್ನು ಬಡಿದು, ಕಾಗದದ ಮೇಲೆ ಅಕ್ಷರವನ್ನು ಮೂಡಿಸುತ್ತಿತ್ತು. ಬೆರಳಿಗೂ ಅಕ್ಷರಕ್ಕೂ ನಡುವೆ ಇದ್ದುದು ಕಣ್ಣಿಗೆ ಕಾಣುವ ಕೆಲವು ಸರಳುಗಳು ಮಾತ್ರ. ಅಕ್ಷರ ತಪ್ಪಿದರೆ ತಪ್ಪಿದ್ದು ನನ್ನ ಬೆರಳೇ. ಅದರಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ.

ಕಂಪ್ಯೂಟರು ಬಂದ ಮೇಲೆ ಈ ನೇರವಾದ ಸಂಬಂಧ ಕಡಿದುಹೋಯಿತು. ಇಲ್ಲಿ ಕೀಲಿಯನ್ನು ಒತ್ತಿದರೆ ಅಕ್ಷರವು ಕೂಡಲೇ ಮೂಡುವುದಿಲ್ಲ. ಇಂಥ ಕೀಲಿ ಒತ್ತಲ್ಪಟ್ಟಿತೆಂಬ ಒಂದು ಸುದ್ದಿ ಮಾತ್ರ ಒಳಗೆ ಹೋಗುತ್ತದೆ. ಒಳಗೆ ಇಡೀ ಯಂತ್ರದ ಆಡಳಿತವನ್ನು ನೋಡಿಕೊಳ್ಳುವ ಕಾರ್ಯಾಚರಣ ವ್ಯವಸ್ಥೆಯೆಂಬುದೊಂದಿದೆ. ಪರದೆಯ ಮೇಲೆ ನಾಲ್ಕಾರು ಕಿಟಕಿಗಳು ತೆರೆದಿರುತ್ತವೆಯಷ್ಟೆ: ಒಂದರಲ್ಲಿ ಪತ್ರ, ಒಂದರಲ್ಲಿ ಲೆಕ್ಕ, ಇನ್ನೊಂದರಲ್ಲಿ ಚಿತ್ರ. ಅವುಗಳಲ್ಲಿ ಯಾವುದು ಆ ಗಳಿಗೆಯಲ್ಲಿ ಮುಂದೆ ನಿಂತು ಕೆಲಸಕ್ಕೆ ಸಿದ್ಧವಾಗಿರುತ್ತದೆಯೋ ಅದರ ಹೆಸರಿಗೆ ಈ ಸುದ್ದಿಯನ್ನು ವ್ಯವಸ್ಥೆಯು ತಲುಪಿಸುತ್ತದೆ. ಸುದ್ದಿಗಳು ಅಂಚೆಯ ಕಾಗದಗಳಂತೆ ಒಂದರ ಹಿಂದೊಂದು ಸಾಲಾಗಿ ನಿಲ್ಲುತ್ತವೆ. ಆ ಕಿಟಕಿಯ ಒಡೆಯನಾದ ಪ್ರೋಗ್ರಾಮು ಅವುಗಳನ್ನು ಒಂದೊಂದಾಗಿ ಎತ್ತಿಕೊಂಡು ಅಕ್ಷರಗಳನ್ನು ಮೂಡಿಸುತ್ತದೆ.

ಕೀಲಿಯೊತ್ತು ಎಂಬುದು ಬರಿಯ ಸುದ್ದಿಯೇ ಆದರೆ, ಆ ಸುದ್ದಿಯನ್ನು ಬೆರಳಿನ ಸಹಾಯವಿಲ್ಲದೆಯೇ ಹುಟ್ಟಿಸಬಹುದಲ್ಲವೆ? ಹೌದು, ಹುಟ್ಟಿಸಬಹುದು. ಒಂದು ಪ್ರೋಗ್ರಾಮು ವ್ಯವಸ್ಥೆಗೆ “ಈ ಕೀಲಿ ಒತ್ತಿತು, ಈ ಕೀಲಿ ಮೇಲೆದ್ದಿತು” ಎಂದು ವರದಿ ಮಾಡಿದರೆ ಸಾಕು. ಇನ್ನೊಂದು ಪ್ರೋಗ್ರಾಮು ಅದನ್ನು ನಿಜವಾದ ಬೆರಳಿನ ಒತ್ತೆಂದೇ ನಂಬಿ ಅಕ್ಷರವನ್ನು ಬರೆಯುತ್ತದೆ. ಒತ್ತಿದ್ದನ್ನು ಹೇಳಿ, ಬಿಟ್ಟದ್ದನ್ನು ಹೇಳುವುದನ್ನು ಮರೆತರೆ ಅನರ್ಥವಾಗುತ್ತದೆ. ಶಿಫ್ಟ್ ಎಂಬ ಕೀಲಿಯು ಒತ್ತಿದಂತೆಯೇ ಉಳಿದುಬಿಟ್ಟರೆ, ಕನ್ನಡದ ಕೀಲಿಮಣೆಯಲ್ಲಿ ‘ದಾನ’ ಎಂದು ಬರೆಯಹೋದವನಿಗೆ ‘ಧಾಣ’ ಎಂಬುದು ದೊರೆಯುತ್ತದೆ!

ಇದು ಎಲ್ಲಿಯೋ ದೂರದ ವಿದ್ಯೆಯೆಂದು ನೀವು ತಿಳಿಯಬಾರದು. ಕನ್ನಡಿಗರಾದ ನಾವು ಕಂಪ್ಯೂಟರಿನಲ್ಲಿ ನಮ್ಮ ಭಾಷೆಯನ್ನು ಬರೆದದ್ದೇ ಬಹುಮಟ್ಟಿಗೆ ಈ ಉಪಾಯದಿಂದ. ಕಿನ್ನಿಕಂಬಳ ಪದ್ಮನಾಭ ರಾಯರು, ಎಂದರೆ ಎಲ್ಲರೂ ಬಲ್ಲ ಕೆ. ಪಿ. ರಾಯರು, ಕನ್ನಡಕ್ಕೆ ಧ್ವನಿಗನುಗುಣವಾದ ಒಂದು ಸರಳವಾದ ಕೀಲಿಮಣೆಯನ್ನು ರೂಪಿಸಿಕೊಟ್ಟರು. ಇಂಗ್ಲಿಷಿನ ‘ಕೆ’ ಕೀಲಿಗೆ ‘ಕ’, ‘ಜಿ’ ಕೀಲಿಗೆ ‘ಗ’. ಒತ್ತಕ್ಷರ ಬೇಕಾದರೆ ನಡುವೆ ‘ಎಫ್’ ಕೀಲಿಯನ್ನು ಒತ್ತಿ ಎರಡು ವ್ಯಂಜನಗಳನ್ನು ಬೆಸೆಯಬೇಕು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಮೊದಲಾದ ತಂತ್ರಾಂಶಗಳಿಂದ ಸಾವಿರಾರು ಜನರು ಕನ್ನಡದಲ್ಲಿ ಬರೆಯತೊಡಗಿದರು. ಇಂಥ ತಂತ್ರಾಂಶವು ಕೀಲಿಮಣೆಗೂ ಬರೆಯುವ ಕಿಟಕಿಗೂ ನಡುವೆ ದುಭಾಷಿಯಂತೆ ನಿಲ್ಲುತ್ತದೆ. ಬೆರಳು ಒತ್ತಿದ್ದನ್ನು ತಾನು ಹಿಡಿದುಕೊಂಡು, ಅದರ ಬದಲಿಗೆ ಕನ್ನಡದ ಸಂಕೇತಗಳನ್ನು ಮುಂದಿನ ಕಿಟಕಿಗೆ ಕಳುಹಿಸುತ್ತದೆ.

‘ದೇವರಾಯನದುರ್ಗ’ ಎಂಬ ನಮ್ಮ ಬೆಟ್ಟದ ಹೆಸರನ್ನೇ ಆ ಕೀಲಿಮಣೆಯಲ್ಲಿ ಬರೆದು ನೋಡಿ. ಹನ್ನೆರಡು ಒತ್ತುಗಳು ಬೇಕು. ಕೊನೆಯ ‘ರ್ಗ’ ಎಂಬಲ್ಲಿ ಚಮತ್ಕಾರವಿದೆ. ಉಚ್ಚಾರದಲ್ಲಿ ರಕಾರ ಮೊದಲು, ಗಕಾರ ಆಮೇಲೆ. ಬರಹದಲ್ಲಾದರೋ ಗಕಾರ ಮೊದಲು ನಿಂತು ಅರ್ಕಾವತ್ತು ಅದರ ಬಲಕ್ಕೆ ಬರುತ್ತದೆ. ಅಕ್ಷರದ ಆಕಾರಗಳನ್ನು ತುಂಡುತುಂಡಾಗಿ ಜೋಡಿಸುತ್ತಿದ್ದ ಹಳೆಯ ಅಕ್ಷರಶೈಲಿಗಳ ಕಾಲದಲ್ಲಿ, ನೀವು ‘ಜಿ’ ಕೀಲಿಯನ್ನು ಒತ್ತಿದೊಡನೆ ತಂತ್ರಾಂಶವು ಕಾಣದ ಬೆರಳಿನಿಂದ ಅಳಿಸುವ ಕೀಲಿಯನ್ನು ಒತ್ತಿ, ಆಗಲೇ ಬರೆದಿದ್ದ ರಕಾರವನ್ನು ಒರೆಸಿ, ‘ಗ’ವನ್ನು ಬರೆದು, ಅದರ ಪಕ್ಕಕ್ಕೆ ಅರ್ಕಾವತ್ತನ್ನು ತಂದು ನಿಲ್ಲಿಸುತ್ತಿತ್ತು. ಇವೆಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿದ್ದವು. 1991ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯಲ್ಲಿ ಕನ್ನಡಕ್ಕೂ ತನ್ನದೇ ಆದ ಸ್ಥಾನ ದೊರೆಯಿತು. ಅದು ಬಳಕೆಗೆ ಬಂದ ಮೇಲೆ ಉಚ್ಚಾರದ ಕ್ರಮದಲ್ಲಿಯೇ ಅಕ್ಷರಗಳನ್ನು ಕಳುಹಿಸಿದರೆ ಸಾಕಾಯಿತು. ಆಕಾರವನ್ನು ಜೋಡಿಸುವ ಹೊಣೆಯನ್ನು ಯಂತ್ರವೇ ವಹಿಸಿಕೊಂಡಿತು.

ಇನ್ನು ನಮ್ಮ ಶಾಲೆಯ ಕಥೆಗೆ ಬರುತ್ತೇನೆ. ಅದು 2008ನೆಯ ಇಸವಿ. ಅರ್ಧವಾರ್ಷಿಕ ಪರೀಕ್ಷೆ ಮುಗಿದಿತ್ತು. ಒಂಬತ್ತನೆಯ ತರಗತಿಯ ಮೂರು ವಿಭಾಗಗಳಲ್ಲಿ ಸೇರಿ 163 ವಿದ್ಯಾರ್ಥಿಗಳಿದ್ದರು. ಅಂಕಗಳನ್ನೆಲ್ಲ ಒಂದು ಲೆಕ್ಕದ ಹಾಳೆಯಲ್ಲಿ ಗುಮಾಸ್ತರು ಆಗಲೇ ಬರೆದಿಟ್ಟಿದ್ದರು. ಆದರೆ ಅವುಗಳನ್ನು ಇನ್ನೊಂದು ತಂತ್ರಾಂಶದ ಕಿಟಕಿಯಲ್ಲಿ ಮತ್ತೆ ತುಂಬಬೇಕಾಗಿತ್ತು. ಒಂದರಿಂದ ಇನ್ನೊಂದಕ್ಕೆ ಪಟ್ಟಿಯನ್ನು ಒಟ್ಟಾಗಿ ಸಾಗಿಸುವ ದಾರಿ ಅದರಲ್ಲಿ ಇರಲಿಲ್ಲ. ವಿದ್ಯಾರ್ಥಿಯ ಹೆಸರಿನ ಎದುರಿಗೆ ಅಂಕವನ್ನು ಒತ್ತಿ, ಎಂಟರ್ ಕೀಲಿಯನ್ನು ಒತ್ತಿ, ಮುಂದಿನ ಹೆಸರಿಗೆ ಇಳಿಯಬೇಕು. ಆರು ವಿಷಯಗಳಿಗೆ ಸಾವಿರಕ್ಕೆ ಸಮೀಪದ ಸಂಖ್ಯೆಗಳು! ನಮ್ಮ ಗುಮಾಸ್ತರು ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು.

ಆ ಹೊತ್ತಿಗೆ ದೀಪಾವಳಿಯ ರಜೆಗೆ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನನ್ನನ್ನು ಕಾಣಲು ಶಾಲೆಗೆ ಬಂದನು. ಆತ ಎಂಜಿನಿಯರಿಂಗ್ ಓದುತ್ತಿದ್ದ; ಬಹಳ ಚುರುಕಿನ ಹುಡುಗ. ನಮ್ಮ ಪಾಡನ್ನು ನೋಡಿ ನಕ್ಕು, “ಇದಕ್ಕೆ ನಿಮ್ಮ ಬೆರಳು ಯಾಕೆ ಸವೆಯಬೇಕು ಮೇಷ್ಟ್ರೇ? ಕಂಪ್ಯೂಟರಿಗೇ ಒತ್ತಲು ಹೇಳಿದರಾಯಿತು” ಎಂದನು.

“ಅದಕ್ಕೆ ಬೆರಳು ಎಲ್ಲಿದೆಯಪ್ಪ?” ಎಂದು ಕೇಳಿದೆ.

“ಬೆರಳು ಬೇಡ ಮೇಷ್ಟ್ರೇ. ಬೆರಳು ಒತ್ತಿತು ಅಂತ ಸುಳ್ಳು ಹೇಳಿದರೆ ಸಾಕು” ಎಂದು ಅವನು ಉತ್ತರ ಕೊಟ್ಟನು.

ಮೈಕ್ರೋಸಾಫ್ಟ್ ಸಂಸ್ಥೆಯು 1991ರಲ್ಲಿ ಹೊರತಂದ ವಿಷುಯಲ್ ಬೇಸಿಕ್ ಎಂಬ ಪ್ರೋಗ್ರಾಮಿನ ಭಾಷೆಯಲ್ಲಿ ‘ಸೆಂಡ್‌ಕೀಸ್’ ಎಂಬ ಆಜ್ಞೆಯುಂಟು. ಕೀಲಿಗಳನ್ನು ಕಳುಹಿಸು ಎಂಬುದು ಅದರ ಅರ್ಥ. ಅದನ್ನು ಬಳಸಿ ಅವನು ಒಂದು ಗಂಟೆಯೊಳಗೆ ಹತ್ತಿಪ್ಪತ್ತು ಸಾಲುಗಳ ಪ್ರೋಗ್ರಾಮನ್ನು ಬರೆದನು. ಮೊದಲು ಅಂಕ ತುಂಬುವ ಕಿಟಕಿಯನ್ನು ಮುಂದಕ್ಕೆ ಕರೆಯುವುದು, ಆಮೇಲೆ ಲೆಕ್ಕದ ಹಾಳೆಯಿಂದ ಒಂದು ಅಂಕವನ್ನು ಓದಿ ಅದರ ಕೀಲಿಗಳನ್ನು ಕಳುಹಿಸುವುದು, ಎಂಟರ್ ಒತ್ತುವುದು, ಕ್ಷಣಕಾಲ ತಡೆದು ಮುಂದಿನ ಅಂಕಕ್ಕೆ ಹೋಗುವುದು. ಇಷ್ಟೇ.

ಅವನು ಕೈಕಟ್ಟಿ ನಿಂತನು. ಕೀಲಿಮಣೆಯ ಬಳಿ ಯಾರೂ ಇರಲಿಲ್ಲ. ಆದರೂ ಪರದೆಯ ಮೇಲೆ ಅಂಕಗಳು ಒಂದರ ಕೆಳಗೊಂದು ಸರಸರನೆ ಮೂಡತೊಡಗಿದವು. ಕಂಪನಿ ನಾಟಕದ ಸೀನುಗಳನ್ನು ನೋಡಿ ಬೆರಗಾಗುತ್ತಿದ್ದ ಬಾಲ್ಯದ ದಿನಗಳು ನನಗೆ ನೆನಪಾದವು. ನಾವೆಲ್ಲ ಹಿಗ್ಗಿನಿಂದ ಚಹಾ ತರಿಸಿ ಕುಡಿದೆವು. ಕನ್ನಡದ ಅಂಕಗಳು ಮುಗಿದಾಗ ಕೊನೆಯ ಹೆಸರಿನ ಎದುರು ಜಾಗ ಖಾಲಿಯಾಗಿತ್ತು. “ಕೊನೆಯದೊಂದು ಬಿಟ್ಟುಹೋಗಿದೆ, ಅಷ್ಟೇ” ಎಂದು ಗುಮಾಸ್ತರು ಆ ವಿದ್ಯಾರ್ಥಿಯ ಅಂಕವನ್ನು ಕೈಯಿಂದಲೇ ಒತ್ತಿ ತುಂಬಿದರು. ಪಟ್ಟಿ ಅಚ್ಚಾಗಿ ಬಂದಿತು. ಹಾಳೆ ಹಾಳೆಗೂ ನಾನು ರುಜು ಹಾಕಿದೆ. ಒಂದು ಸಾಲನ್ನೂ ಓದಿ ನೋಡಲಿಲ್ಲ. ಉತ್ತರಪತ್ರಿಕೆಗಳನ್ನು ಮಕ್ಕಳಿಗೆ ಇನ್ನೂ ಹಂಚಿರಲಿಲ್ಲ; ಅವು ಕಟ್ಟುಕಟ್ಟಾಗಿ ಬೀರುವಿನಲ್ಲಿ ಇದ್ದವು.

ಪಟ್ಟಿಯನ್ನು ಗೋಡೆಗೆ ಅಂಟಿಸಿ ಒಂದು ವಾರವಾಗಿರಬಹುದು. ನನ್ನ ತರಗತಿಯಲ್ಲಿ ಒಂದು ಹುಡುಗಿಯ ಜಾಗ ಖಾಲಿಯಿರುವುದನ್ನು ಗಮನಿಸಿದೆ. ಬೆಟ್ಟದ ಮಗ್ಗುಲಿನ ಹಳ್ಳಿಯಿಂದ ನಾಲ್ಕು ಮೈಲಿ ನಡೆದು ಬರುತ್ತಿದ್ದ ಹುಡುಗಿ ಅವಳು. ಮಾತು ಕಡಮೆ, ಅಕ್ಷರ ಮಾತ್ರ ಮುತ್ತು ಪೋಣಿಸಿದಂತೆ. ನಾಲ್ಕನೆಯ ದಿನವೂ ಬಾರದಿದ್ದಾಗ ಅವಳ ಗೆಳತಿಯನ್ನು ವಿಚಾರಿಸಿದೆ.

“ಅವಳು ಇನ್ನು ಬರೋದಿಲ್ಲ ಸಾರ್. ಕನ್ನಡದಲ್ಲಿ ನಪಾಸಾಗಿದ್ದಾಳೆ. ರಾಗಿ ಕೊಯ್ಲಿಗೆ ಹೋಗ್ತಿದ್ದಾಳೆ” ಎಂದಳು ಆಕೆ.

ನನಗೆ ಒಂದು ಕ್ಷಣ ಏನೂ ತೋಚಲಿಲ್ಲ. ಕನ್ನಡದಲ್ಲಿ ನಪಾಸೆ? ಗೋಡೆಯ ಬಳಿಗೆ ಹೋಗಿ ನೋಡಿದೆ. 112ನೆಯ ಸಾಲಿನಲ್ಲಿ ಅವಳ ಹೆಸರು. ಎದುರಿಗೆ 21 ಎಂಬ ಅಂಕ. ಕೆಳಗೆ ನನ್ನದೇ ರುಜು. ಬೀರುವನ್ನು ತೆಗೆದು ಕಟ್ಟನ್ನು ಬಿಚ್ಚಿದೆ. ಅವಳ ಉತ್ತರಪತ್ರಿಕೆಯ ಮೇಲೆ ನನ್ನ ಕೆಂಪು ಮಸಿಯಲ್ಲಿ 88 ಎಂದು ಬರೆದಿತ್ತು.

ಹಾಗಾದರೆ ಆ 21 ಯಾರದು? ಅದು 113ನೆಯ ವಿದ್ಯಾರ್ಥಿಯದು. ಅವನ ಹೆಸರಿನ ಎದುರಿಗೆ 114ನೆಯವನ ಅಂಕವಿತ್ತು. ದಾರದ ಎಳೆಯನ್ನು ಹಿಡಿದು ಹೋಗುವಂತೆ ನಾನು ಪಟ್ಟಿಯಲ್ಲಿ ಮೇಲಕ್ಕೆ ಸಾಗಿದೆ. ಎಲ್ಲರಿಗೂ ಅವರ ಮುಂದಿನವರ ಅಂಕ ಬಂದಿತ್ತು. 63ನೆಯ ಸಾಲಿನವರೆಗೆ ಎಲ್ಲವೂ ಸರಿ. 64ರಿಂದ 162ರವರೆಗೆ ತೊಂಬತ್ತೊಂಬತ್ತು ಸಾಲುಗಳು ಒಂದೊಂದು ಮೆಟ್ಟಿಲು ಜಾರಿದ್ದವು. ಕೊನೆಯ ಸಾಲನ್ನು ಮಾತ್ರ ನಾವೇ ಕೈಯಿಂದ ತುಂಬಿ, ಎಲ್ಲವೂ ಸರಿಯಿದೆಯೆಂದು ಕಾಣುವಂತೆ ಮಾಡಿದ್ದೆವು.

ಮರುದಿನವೇ ಆ ಹುಡುಗನನ್ನು ಕರೆಸಿದೆ. ಅವನು ಪಟ್ಟಿಯನ್ನು ನೋಡಿ ಬಿಳುಪೇರಿದನು. ಬಹಳ ಹೊತ್ತು ಯೋಚಿಸಿ, ಯಂತ್ರದ ದಾಖಲೆಗಳನ್ನು ತಿರುವಿಹಾಕಿ, ನಡೆದದ್ದನ್ನು ಕಂಡುಹಿಡಿದನು. ನಾವು ಚಹಾ ಕುಡಿಯುತ್ತಿದ್ದಾಗ ವಿದ್ಯುತ್ತು ಒಂದು ಕ್ಷಣ ಹೋಗಿ ಬಂದಿತ್ತು. ಬ್ಯಾಟರಿಯ ಉಸ್ತುವಾರಿ ನೋಡುವ ಇನ್ನೊಂದು ಪ್ರೋಗ್ರಾಮು ಆಗ ಒಂದು ಚಿಕ್ಕ ಸೂಚನೆಯ ಕಿಟಕಿಯನ್ನು ತೆರೆದು ಎಲ್ಲಕ್ಕಿಂತ ಮುಂದೆ ನಿಲ್ಲಿಸಿತ್ತು. ಸರಿಯಾಗಿ ಅದೇ ಗಳಿಗೆಯಲ್ಲಿ ನಮ್ಮ ಪ್ರೋಗ್ರಾಮು 64ನೆಯ ವಿದ್ಯಾರ್ಥಿಯ ಅಂಕವನ್ನು ಕಳುಹಿಸಿತು. ಕೀಲಿಗಳು ಅಂಕದ ಕಿಟಕಿಗೆ ಹೋಗದೆ ಮುಂದೆ ನಿಂತಿದ್ದ ಸೂಚನೆಯ ಕಿಟಕಿಗೆ ಹೋದವು. ಅದಕ್ಕೆ ಅಂಕಿಗಳಿಂದ ಏನಾಗಬೇಕು? ಅವನ್ನು ಅಲಕ್ಷಿಸಿತು. ಹಿಂದೆಯೇ ಬಂದ ಎಂಟರ್ ಕೀಲಿಯನ್ನು ಮಾತ್ರ “ಸರಿ, ತಿಳಿಯಿತು” ಎಂಬ ಒಪ್ಪಿಗೆಯೆಂದು ಭಾವಿಸಿ ಬಾಗಿಲು ಮುಚ್ಚಿಕೊಂಡು ಹೋಯಿತು. ಅಂಕದ ಕಿಟಕಿ ಮತ್ತೆ ಮುಂದೆ ಬಂದಿತು. ಅದು ಇನ್ನೂ 64ನೆಯ ಹೆಸರಿನ ಮೇಲೆಯೇ ಕಾದು ನಿಂತಿತ್ತು. ಅಲ್ಲಿಗೆ 65ನೆಯವನ ಅಂಕ ಬಂದು ಬಿದ್ದಿತು.

“ಕಿಟಕಿಯನ್ನು ಮೊದಲು ಒಂದು ಸಲ ಮುಂದಕ್ಕೆ ಕರೆದೆ ಮೇಷ್ಟ್ರೇ. ಕೊನೆಯವರೆಗೂ ಅದೇ ಮುಂದೆ ಇರುತ್ತದೆ ಎಂದುಕೊಂಡುಬಿಟ್ಟೆ” ಎಂದು ಹೇಳುವಾಗ ಅವನ ಗಂಟಲು ಕಟ್ಟಿತು.

ನಾನು ಪ್ರೌಢಶಾಲೆಯಲ್ಲಿದ್ದಾಗ ನಮ್ಮೂರಿನಲ್ಲಿ ಆಡಿದ ಒಂದು ನಾಟಕ ನನಗೆ ಆಗ ನೆನಪಿಗೆ ಬಂದಿತು. ನಮ್ಮದು ಗುಬ್ಬಿ ವೀರಣ್ಣನವರ ಸೀಮೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಆ ನಾಟಕ ಕಂಪನಿಯ ಕೀರ್ತಿಯಿಂದ ಇಲ್ಲಿನ ಹಳ್ಳಿಹಳ್ಳಿಗೂ ನಾಟಕದ ಹುಚ್ಚು ಹಿಡಿದಿತ್ತು. ನನಗೆ ವೇಷ ದೊರೆಯಲಿಲ್ಲ. ಪರದೆಯ ಮರೆಯಲ್ಲಿ ನಿಂತು ಮಾತುಗಳನ್ನು ಪಿಸುಗುಟ್ಟುವ ಪ್ರಾಂಪ್ಟರನ ಕೆಲಸ ದೊರೆಯಿತು. ಪುಸ್ತಕದ ಮೇಲೆ ಕಣ್ಣಿಟ್ಟು ನಾನು ದುರ್ಯೋಧನನ ಮಾತುಗಳನ್ನು ಒಪ್ಪಿಸುತ್ತ ಹೋದೆ. ದುರ್ಯೋಧನನ ಪಾತ್ರಧಾರಿ ಕಿರೀಟ ಸರಿಮಾಡಿಕೊಳ್ಳಲು ಒಳಗೆ ಹೋಗಿದ್ದುದನ್ನು ನೋಡಲಿಲ್ಲ. ರಂಗದ ಮೇಲೆ ನಿಂತಿದ್ದ ಧರ್ಮರಾಯನು ನನ್ನ ಪಿಸುಮಾತನ್ನು ನಂಬಿ, ಪಾಂಡವರಿಗೆ ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂದು ಗರ್ಜಿಸಿಬಿಟ್ಟನು! ಊರಿಗೆ ಊರೇ ನಕ್ಕಿತು. ನನ್ನ ಮಾತಿನಲ್ಲಿ ತಪ್ಪಿರಲಿಲ್ಲ. ಮಾತನ್ನು ಯಾರಿಗೆ ಹೇಳುತ್ತಿದ್ದೇನೆಂದು ನಾನು ತಲೆಯೆತ್ತಿ ನೋಡಿರಲಿಲ್ಲ. ನಮ್ಮ ಪ್ರೋಗ್ರಾಮು ಮಾಡಿದ್ದೂ ಇದನ್ನೇ. ಆದರೆ ಈ ಸಲ ನಗುವ ಹಾಗಿರಲಿಲ್ಲ.

ಅಂದು ಸಂಜೆ ನಾನು, ಆ ಹುಡುಗ ಇಬ್ಬರೂ ಅವಳ ಹಳ್ಳಿಗೆ ಹೋದೆವು. ಅವಳ ತಂದೆ ಕಣದಲ್ಲಿ ರಾಗಿಯ ಮೆದೆ ಒಟ್ಟುತ್ತಿದ್ದರು. ನನ್ನನ್ನು ಕಂಡು ತಲೆಯ ವಸ್ತ್ರವನ್ನು ಬಿಚ್ಚಿ, “ಓದು ನಮ್ಮಂಥವರಿಗೆ ಹತ್ತೋದಲ್ಲ ಬಿಡಿ ಮೇಷ್ಟ್ರೇ. ನಾಲ್ಕು ಮೈಲಿ ನಡೆದು ಹೋಗಿ ನಪಾಸಾಗೋ ಬದಲು ಕೂಲಿಗಾದರೂ ಹೋಗಲಿ” ಎಂದರು. ಹುಡುಗಿ ಬಾಗಿಲ ಮರೆಯಲ್ಲಿ ನಿಂತಿದ್ದಳು.

ನಾನು ಚೀಲದಿಂದ ಉತ್ತರಪತ್ರಿಕೆಯನ್ನು ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಕೆಂಪು ಮಸಿಯ 88ನ್ನು ನೋಡಿದಳು; ನನ್ನ ಮುಖವನ್ನು ನೋಡಿದಳು.

“ನಿನಗೆ ಇಷ್ಟು ಕಡಮೆ ಬರುವುದುಂಟೆ? ಒಂದು ಮಾತು ನನ್ನನ್ನು ಕೇಳಬಾರದಿತ್ತೇನಮ್ಮ?” ಎಂದೆ.

“ಕಂಪ್ಯೂಟರ್ ಬರೆದದ್ದು ಅಂದರು ಸಾರ್. ಅದು ತಪ್ಪು ಬರೆಯುತ್ತದೆಯೇ ಎಂದುಕೊಂಡೆ. ಕೆಳಗೆ ನಿಮ್ಮ ರುಜುವೂ ಇತ್ತು” ಎಂದಳು.

ಆ ಕೊನೆಯ ಮಾತು ನನ್ನನ್ನು ಇರಿದಷ್ಟು ಬೇರೆ ಯಾವ ಮಾತೂ ನನ್ನ ಅಧ್ಯಾಪಕ ಜೀವನದಲ್ಲಿ ಇರಿದಿಲ್ಲ. ಅವಳು ಯಂತ್ರವನ್ನಷ್ಟೇ ನಂಬಿರಲಿಲ್ಲ, ನನ್ನನ್ನು ನಂಬಿದ್ದಳು. ನಾನು ಯಂತ್ರವನ್ನು ನಂಬಿದ್ದೆ. ಯಂತ್ರವಾದರೋ ಯಾರನ್ನೂ ನಂಬುವುದೂ ಇಲ್ಲ, ವಂಚಿಸುವುದೂ ಇಲ್ಲ; ಮುಂದೆ ಯಾವ ಕಿಟಕಿ ಇದೆಯೋ ಅದಕ್ಕೆ ಕೀಲಿಗಳನ್ನು ಒಪ್ಪಿಸುತ್ತದೆ, ಅಷ್ಟೇ. ಅವಳ ತಂದೆಯ ಎದುರಿಗೇ ತಪ್ಪು ನನ್ನದೆಂದು ಒಪ್ಪಿಕೊಂಡೆ. “ನನ್ನದು ಮೇಷ್ಟ್ರೇ” ಎಂದು ಹುಡುಗನು ನಡುವೆ ಬಾಯಿ ಹಾಕಿದನು. “ನೀನು ಬರೆದೆ, ರುಜು ಹಾಕಿದವನು ನಾನು” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾಳೆಯಿಂದ ಬರ್ತಾಳೆ ಬಿಡಿ” ಎಂದರು. ನಮಗೆ ಮಜ್ಜಿಗೆ ಕೊಟ್ಟು ಕಳುಹಿಸಿದರು.

ಇನ್ನೊಂದು ಸಂಗತಿಯನ್ನೂ ನಾನು ಮರೆಯಲಾರೆ. ಒಂದು ವಾರ ಆ ಪಟ್ಟಿ ಗೋಡೆಯ ಮೇಲಿತ್ತು. ಅಷ್ಟೊಂದು ಮಕ್ಕಳ ಅಂಕಗಳು ತಪ್ಪಾಗಿದ್ದರೂ ಒಬ್ಬರೂ ಬಂದು ಕೇಳಲಿಲ್ಲ. ಹೆಚ್ಚು ಬಂದವರು ಸಂತೋಷದಿಂದ ಸುಮ್ಮನಿದ್ದರು. ಕಡಮೆ ಬಂದವರು ನಾಚಿಕೆಯಿಂದ ಸುಮ್ಮನಿದ್ದರು. ಎಲ್ಲ ವಿಷಯಗಳಲ್ಲಿ ತೇರ್ಗಡೆಯಾದ ಬಡ ಮಕ್ಕಳಿಗೆ ದಾನಿಗಳು ಇರಿಸಿದ್ದ ವಿದ್ಯಾರ್ಥಿವೇತನದ ಪಟ್ಟಿ ಎರಡು ದಿನಗಳಲ್ಲಿ ಹೋಗುವುದಿತ್ತು. ಅದರಲ್ಲಿ ಆ ಹುಡುಗಿಯ ಹೆಸರು ಇರಲಿಲ್ಲ. ಹೊಸ ಪಟ್ಟಿಯಲ್ಲಿ ಅದನ್ನು ಸೇರಿಸಿ ಕಳುಹಿಸಿದೆವು.

ಆ ಹುಡುಗನು ಪ್ರೋಗ್ರಾಮನ್ನು ಎಸೆದುಬಿಡುತ್ತೇನೆಂದನು. ನಾನು ಬೇಡವೆಂದೆ. ಧರ್ಮರಾಯನು ಗರ್ಜಿಸಿದನೆಂದು ನಾಟಕವನ್ನೇ ನಿಲ್ಲಿಸುವುದುಂಟೆ? ತಲೆಯೆತ್ತಿ ನೋಡುವುದನ್ನು ಕಲಿಯಬೇಕು. ಅವನು ಮೂರು ತಿದ್ದುಪಡಿಗಳನ್ನು ಮಾಡಿದನು. ಮೊದಲನೆಯದು, ಪ್ರತಿಯೊಂದು ಅಂಕವನ್ನು ಕಳುಹಿಸುವ ಮುನ್ನ ಮುಂದೆ ನಿಂತಿರುವ ಕಿಟಕಿ ಯಾವುದೆಂದು ಕೇಳಿ ತಿಳಿಯುವುದು. ಬೇರೆಯದಾಗಿದ್ದರೆ ಅಲ್ಲಿಯೇ ನಿಲ್ಲುವುದು. ಎರಡನೆಯದು, ಅಂಕವನ್ನು ತುಂಬಬೇಕಾದ ಸಾಲಿನ ಹೆಸರನ್ನು ಓದಿ, ಲೆಕ್ಕದ ಹಾಳೆಯ ಹೆಸರಿನೊಡನೆ ಹೋಲಿಸಿ ನೋಡುವುದು. ಆದರೂ ನೋಡಿದ ಕ್ಷಣಕ್ಕೂ ಕಳುಹಿಸಿದ ಕ್ಷಣಕ್ಕೂ ನಡುವೆ ಕೂದಲೆಳೆಯಷ್ಟು ಬಿಡುವು ಉಳಿಯುತ್ತದೆ. ಆ ಬಿಡುವಿನಲ್ಲಿಯೇ ಇನ್ನೊಂದು ಕಿಟಕಿ ನುಗ್ಗಿ ಬರಬಹುದು. ಆದ್ದರಿಂದ ಮೂರನೆಯದು, ಬರೆದಾದ ಮೇಲೆ ಅದನ್ನು ಮತ್ತೆ ಓದಿ ತಾಳೆ ನೋಡುವುದು.

ಪ್ರತಿಯೊಂದು ಕಿಟಕಿಗೂ ಯಂತ್ರದೊಳಗೆ ಒಂದು ಗುರುತಿನ ಸಂಖ್ಯೆ ಇರುತ್ತದೆಂದೂ, ಆ ಸಂಖ್ಯೆಯ ಹೆಸರಿಗೇ ಸುದ್ದಿಯನ್ನು ನೇರವಾಗಿ ಕಳುಹಿಸುವ ಮಾರ್ಗವೂ ಉಂಟೆಂದೂ ಅವನಿಂದ ತಿಳಿದೆ. ಮುಂದಿರುವ ಕಿಟಕಿಗೆ ಕೀಲಿಗಳನ್ನು ಕಳುಹಿಸುವುದು ಜಾತ್ರೆಯಲ್ಲಿ ನಿಂತು “ಅಣ್ಣಾ” ಎಂದು ಕೂಗಿದಂತೆ. ಹತ್ತಿರದಲ್ಲಿದ್ದವನು ತಿರುಗಿ ನೋಡುತ್ತಾನೆ. ಸಂಖ್ಯೆಗೆ ಕಳುಹಿಸುವುದು ವಿಳಾಸ ಬರೆದು ಅಂಚೆಗೆ ಹಾಕಿದಂತೆ. ಆದರೆ ವಿಳಾಸವಿದ್ದ ಮಾತ್ರಕ್ಕೆ ಎಲ್ಲರೂ ಕಾಗದವನ್ನು ಒಡೆದು ಓದುವುದಿಲ್ಲ. ಹಾಗೆ ಬಂದ ಸುದ್ದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪ್ರೋಗ್ರಾಮುಗಳೂ ಇವೆ.

ಈ ಕಾಣದ ಬೆರಳಿನಿಂದ ಆಗುವ ಉಪಕಾರ ಸಣ್ಣದಲ್ಲ. ಕೈಗಳ ಬಲವನ್ನು ಕಳೆದುಕೊಂಡವರು ಪರದೆಯ ಮೇಲೆ ಚಿತ್ರಿಸಿದ ಕೀಲಿಮಣೆಯಿಂದ ಬರೆಯುತ್ತಾರೆ. ಬಾಯಿಂದ ಹೇಳಿದ್ದನ್ನು ಅಕ್ಷರವಾಗಿಸಿ ಬೇಕಾದ ಕಿಟಕಿಗೆ ಒಪ್ಪಿಸುವ ತಂತ್ರಾಂಶಗಳಿವೆ. ಅದೇ ಬೆರಳಿನಿಂದ ಅಪಕಾರವೂ ಆಗಬಹುದು. ಕೇಡಿಗನು ಬರೆದ ಪ್ರೋಗ್ರಾಮೊಂದು ನಮ್ಮ ಹೆಸರಿನಲ್ಲಿ ಒಪ್ಪಿಗೆಯ ಕೀಲಿಯನ್ನು ಒತ್ತಿಬಿಟ್ಟರೆ ಗತಿಯೇನು? ಆದುದರಿಂದಲೇ 2007ರಲ್ಲಿ ಬಂದ ವಿಂಡೋಸ್ ವಿಸ್ಟಾ ಎಂಬ ವ್ಯವಸ್ಥೆಯಿಂದ ಈಚೆಗೆ, ಕಡಮೆ ಅಧಿಕಾರದ ಪ್ರೋಗ್ರಾಮು ಹೆಚ್ಚು ಅಧಿಕಾರದ ಕಿಟಕಿಗೆ ಹೀಗೆ ಕೀಲಿಗಳನ್ನು ಕಳುಹಿಸದಂತೆ ತಡೆಯನ್ನು ಒಡ್ಡಿದ್ದಾರೆ.

ಯಂತ್ರದ ತಿದ್ದುಪಡಿಗಳು ಮೂರಾದರೆ, ನನ್ನ ತಿದ್ದುಪಡಿ ಒಂದೇ. ಅಂದಿನಿಂದ ನಿವೃತ್ತನಾಗುವವರೆಗೂ ನಾನು ಓದದೆ ಯಾವ ಹಾಳೆಗೂ ರುಜು ಹಾಕಲಿಲ್ಲ. ಪಟ್ಟಿ ಸಿದ್ಧವಾದ ಮೇಲೆ ಒಬ್ಬರು ಉತ್ತರಪತ್ರಿಕೆಯನ್ನು ನೋಡಿ ಹೆಸರನ್ನೂ ಅಂಕವನ್ನೂ ಗಟ್ಟಿಯಾಗಿ ಓದುತ್ತಿದ್ದರು. ಇನ್ನೊಬ್ಬರು ಪಟ್ಟಿಯ ಮೇಲೆ ಗುರುತು ಹಾಕುತ್ತಿದ್ದರು. 163 ಹೆಸರುಗಳಿಗೆ ಅರ್ಧ ಗಂಟೆಯೂ ಬೇಕಾಗುತ್ತಿರಲಿಲ್ಲ. ಆ ಅರ್ಧ ಗಂಟೆಯನ್ನು ಉಳಿಸಹೋಗಿಯೇ ನಾವು ಒಂದು ಮಗುವಿನ ಓದನ್ನು ಕಳೆಯುವುದರಲ್ಲಿದ್ದೆವು.

ಆ ಹುಡುಗಿ 2010ರಲ್ಲಿ ಎಸ್ಸೆಸ್ಸೆಲ್ಸಿಯನ್ನು ಮುಗಿಸಿ ಕಾಲೇಜಿಗೆ ಸೇರಿದಳು. ಹೊರಡುವ ಮುನ್ನ ಪ್ರಮಾಣಪತ್ರಗಳಿಗೆ ನನ್ನ ರುಜು ಬೇಕೆಂದು ಬಂದಿದ್ದಳು. ನಾನು ಕನ್ನಡಕವನ್ನು ಏರಿಸಿಕೊಂಡು ಒಂದೊಂದು ಸಾಲನ್ನೂ ಓದುತ್ತಿದ್ದುದನ್ನು ಕಂಡು ಅವಳು ನಕ್ಕಳು. ನಾನೂ ನಕ್ಕೆ.

ಕಳೆದ ವರ್ಷ ಮಳೆಗಾಲದಲ್ಲಿ ಆ ಹಳೆಯ ವಿದ್ಯಾರ್ಥಿಯೊಡನೆ ಮತ್ತೊಮ್ಮೆ ದೇವರಾಯನದುರ್ಗವನ್ನು ಹತ್ತಿದೆ. ಈಗ ಅವನು ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವ ಉದ್ಯೋಗದಲ್ಲಿದ್ದಾನೆ. ಬಂಡೆಯ ಮೇಲೆ ನಿಂತಾಗ ಸಣ್ಣ ಹನಿ ಬೀಳತೊಡಗಿತು. ಕೆಲವು ಹನಿಗಳು ಈ ಇಳಿಜಾರಿಗೆ ಸರಿದವು, ಕೆಲವು ಆ ಇಳಿಜಾರಿಗೆ. ಅವನು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು, “ಈಗಲೂ ಪ್ರೋಗ್ರಾಮು ಬರೆಯುವಾಗ ಅವಳ ನೆನಪು ಬರುತ್ತದೆ ಮೇಷ್ಟ್ರೇ. ಕಳುಹಿಸುವ ಮೊದಲು ಒಂದು ಸಲ ಯಾರಿಗೆ ಅಂತ ಕೇಳಿಕೊಳ್ಳುತ್ತೇನೆ” ಎಂದನು.

ಮಳೆ ಜೋರಾಯಿತು. ನಾವು ಕೊಡೆಯನ್ನು ಬಿಚ್ಚಿಕೊಂಡು ಮೆಟ್ಟಿಲುಗಳನ್ನು ಎಚ್ಚರಿಕೆಯಿಂದ ಇಳಿದು ಬಂದೆವು.